ಹೂವು ಬರೆಯದ ಗೆಳತಿ

ಪ್ರಶ್ನೆ: ನನಗೆ 51 ವರ್ಷ, ವಿರಾಜಪೇಟೆ ಕಡೆಯವಳು. ಮಡಿಕೇರಿಯಲ್ಲಿ ಕಾಲೇಜು ಓದುವಾಗ ಸೋಮವಾರಪೇಟೆ ಕಡೆಯ ಒಬ್ಬಳು ಗೆಳತಿಯಾದಳು. ನಾನು ಕವನ ಬರೆಯುತ್ತೇನೆ, ಅವಳು ಚಿತ್ರ ಬರೆಯುತ್ತಾಳೆ. ಮದುವೆಯಾಗಿ ದೂರವಾದ ಮೇಲೆ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನಾನು ಒಂದು ಕವನ ಕಳಿಸುವುದು, ಯುಗಾದಿಯೊಳಗೆ ಅವಳು ಅದಕ್ಕೊಂದು ಚಿತ್ರ ಬರೆದು ಕಳಿಸುವುದು. 27 ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಕೊನೆಯ ಸಲ ತೀರಿಹೋದ ಅವ್ವನ ಬಗ್ಗೆ, ಕಾಫಿ ಹೂವಿನ ಬಗ್ಗೆ ಬರೆದಿದ್ದೆ. ಅವಳ ಚಿತ್ರದಲ್ಲಿ ಅವ್ವನೂ ಇಲ್ಲ, ಹೂವೂ ಇಲ್ಲ. 'ಇದು ನನ್ನ ಕವನ ಅಲ್ಲ ಕಣೇ, ಹೂವನ್ನೇ ಬರೆದಿಲ್ಲ' ಅಂದುಬಿಟ್ಟೆ. ಅವಳು 'ಸರಿ ಬಿಡು' ಅಂದಳು. ಅದಾಗಿ ಒಂದು ವರ್ಷವಾಯಿತು. ಈ ಹುತ್ತರಿಗೆ ನಾನು ಕವನ ಕಳಿಸಲಿಲ್ಲ, ಅವಳೂ ಕೇಳಲಿಲ್ಲ. ಈಗ ನನ್ನ ಮಗ, 'ಎಲ್ಲ ಕವನ, ಚಿತ್ರ ಸೇರಿಸಿ ಪುಸ್ತಕ ಮಾಡಿ ಆಂಟಿಗೆ ಸರ್‌ಪ್ರೈಸ್ ಕೊಡೋಣ' ಅನ್ನುತ್ತಿದ್ದಾನೆ. ಮಾಡಬಹುದಾ? ಮೊದಲಿನ ಹಾಗೆ ಆಗುತ್ತಾ? ಆ ಕವನವನ್ನೂ ಹಳೆಯ ಕವನಗಳನ್ನೂ ಚಿತ್ರಗಳ ಫೋಟೋಗಳನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಪುಸ್ತಕದ ಮಾತು ಆಮೇಲೆ. ಮೊದಲು ಆ ಚಿತ್ರ ನೋಡೋಣ. ನಿಮ್ಮ ಜಗಳದ ಅರ್ಧ ಭಾಗ ಬಣ್ಣದ ಕೆಲಸ ಗೊತ್ತಿಲ್ಲದ್ದರಿಂದ ಆದದ್ದು ಅಂತ ನನಗೆ ಅನ್ನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ನಾನು ವರ್ಷಾನುಗಟ್ಟಲೆ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಆಮೇಲೆ ಪುಸ್ತಕಗಳಿಗೆ ಮುಖಪುಟ, ಒಳಚಿತ್ರ ಮಾಡುತ್ತಾ ಬಂದವನು. ಕವಿಗಳ ಜೊತೆ ಇದೇ ಜಗಳ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ.

ನಿಮ್ಮ ಒಪ್ಪಿಗೆ ಇದ್ದುದರಿಂದ ಕವನದ ಐದು ಸಾಲು ಇಲ್ಲಿ ಕೊಡುತ್ತೇನೆ.

ಹೂಮಳೆ ಬಿದ್ದು ಒಂಬತ್ತನೇ ದಿನ
ತೋಟಕ್ಕೆ ತೋಟವೇ ಬೆಳ್ಳಗೆ.
ಅವ್ವ ಬಾಗಿಲಲ್ಲಿ ನಿಂತು
ಇನ್ನೊಂದು ಮಳೆ ಬೇಕಿತ್ತು
ಅಂದಳು.

ಚೆನ್ನಾಗಿದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆಮೇಲೆ ಕಾಯಿ ನಿಲ್ಲಬೇಕಾದರೆ ಇನ್ನೊಂದು ಮಳೆ ಬೇಕು. ಹೊರಗಿನಿಂದ ಬಂದವರು ಹೂವು ನೋಡಿ ಫೋಟೋ ತೆಗೆಯುತ್ತಾರೆ. ತೋಟದವರು ಮೋಡ ನೋಡುತ್ತಾರೆ. ನಿಮ್ಮ ಅವ್ವ ಮೋಡ ನೋಡಿದ್ದಾರೆ, ನೀವು ಅವ್ವನನ್ನು ನೋಡಿದ್ದೀರಿ. ಕವನ ನಿಂತಿರುವುದು ಅಲ್ಲಿ.

ಈಗ ಚಿತ್ರ. ಎಡಗಡೆ ಒಂದು ಬಾಗಿಲ ಚೌಕಟ್ಟು, ಕಡು ಕಂದು. ಕೆಳಗೆ ಖಾಲಿ ಕಣ. ಕಣದ ಮೂಲೆಯಲ್ಲಿ ಬೋರಲು ಹಾಕಿದ ಒಂದು ಬುಟ್ಟಿ. ಉಳಿದದ್ದೆಲ್ಲ, ಅಂದರೆ ಹಾಳೆಯ ಮುಕ್ಕಾಲು ಪಾಲು, ಬರೀ ಬಿಳಿ. ನೀವು ಇದನ್ನು ನೋಡಿ 'ಹೂವನ್ನೇ ಬರೆದಿಲ್ಲ' ಅಂದಿರಿ.

ಇದು ಜಲವರ್ಣ. ಪೋಸ್ಟರ್ ಕಲರ್‌ನಲ್ಲಾದರೆ ಬಿಳಿ ಬಣ್ಣ ಬಳಿಯಬಹುದು, ತಪ್ಪಾದರೆ ಮೇಲೆ ಇನ್ನೊಂದು ಕೋಟು ಹೊಡೆಯಬಹುದು. ಜಲವರ್ಣವನ್ನು ಸರಿಯಾಗಿ ಕಲಿತವರು ಬಿಳಿಯನ್ನು ಟ್ಯೂಬಿನಿಂದ ತೆಗೆಯುವುದು ಕಡಿಮೆ. ಅಲ್ಲಿ ಬಿಳಿ ಅಂದರೆ ಹಾಳೆಯೇ. ಬಣ್ಣ ತಿಳಿಯಾಗಿರುತ್ತದೆ, ಬೆಳಕು ಅದರ ಮೂಲಕ ಹೋಗಿ ಹಾಳೆಗೆ ತಾಗಿ ವಾಪಸ್ ಬರುತ್ತದೆ. ಹಾಗಾಗಿ ಎಲ್ಲಿ ಬಿಳಿ ಬೇಕೋ ಅಲ್ಲಿ ಮುಟ್ಟದೆ ಬಿಡಬೇಕು. ಒಮ್ಮೆ ಬಣ್ಣ ಬಿತ್ತು ಅಂದರೆ ಆ ಬಿಳಿ ಪೂರ್ತಿ ವಾಪಸ್ ಬರುವುದಿಲ್ಲ. ತೊಳೆದರೂ ಒಂದು ಮಬ್ಬು ಉಳಿದೇ ಉಳಿಯುತ್ತದೆ. ಅದಕ್ಕೇ ಮಕ್ಕಳಿಗೆ ಹೇಳುತ್ತಿದ್ದೆ: ಬ್ರಷ್ಷು ಅದ್ದುವ ಮೊದಲು ಬಿಳಿ ಎಲ್ಲಿ ಅಂತ ತೀರ್ಮಾನ ಮಾಡಿ.

ಅಂದರೆ ನಿಮ್ಮ ಗೆಳತಿ ಆ ಹಾಳೆಯಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನ ಮಾಡಿದ್ದು ನಿಮ್ಮ ಕಾಫಿ ಹೂವಿನ ಜಾಗವನ್ನು. ಅದಕ್ಕೆ ಮುಕ್ಕಾಲು ಹಾಳೆ ಕೊಟ್ಟಿದ್ದಾರೆ. ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಚೌಕಟ್ಟಿನ ಅಂಚಿನಲ್ಲಿ ಕಂದು ಬಣ್ಣ ಬಿಳಿಗೆ ಒಂದು ಕಡೆಯೂ ಹರಿದಿಲ್ಲ. ಅಷ್ಟು ಉದ್ದದ ಒದ್ದೆ ಅಂಚನ್ನು ಹಾಗೆ ಕಾಪಾಡುವುದು ಸುಮ್ನೆ ಅಲ್ಲ, ಉಸಿರು ಹಿಡಿದು ಮಾಡುವ ಕೆಲಸ.

ಅವ್ವನೂ ಇಲ್ಲ ಅಂದಿರಿ. ಬಾಗಿಲು ಇದೆಯಲ್ವಾ? ನಿಮ್ಮ ಕವನದಲ್ಲಿ ಅವ್ವ ನಿಂತಿದ್ದ ಬಾಗಿಲು. ನಿಮಗೆ ಅವ್ವ ಇನ್ನೂ ಅಲ್ಲೇ ನಿಂತಿದ್ದಾರೆ, ಅದಕ್ಕೇ ಕವನ ಬರೆದಿರಿ. ಗೆಳತಿ ಈಗಿನ ಬಾಗಿಲು ಬರೆದಿದ್ದಾರೆ. ಇದು ಒರಟು ಅಂತ ನಿಮಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ. ದುಃಖದಲ್ಲಿದ್ದವರಿಗೆ ಖಾಲಿ ಬಾಗಿಲು ತೋರಿಸುವುದು ಸಣ್ಣ ಮಾತೇನಲ್ಲ. ಆದರೆ ಕವನ ಓದದೆ ಬರೆದ ಚಿತ್ರ ಅಂತೂ ಅದಲ್ಲ.

ನಮ್ಮ ಕೊಡಗಿನ ದುಡಿಕೊಟ್ಟ್ ಪಾಟ್ ನಿಮಗೆ ಗೊತ್ತೇ ಇದೆ. ನಾಲ್ಕು ಜನ ದುಡಿ ಹಿಡಿದು ಹಾಡುತ್ತಾರೆ, ಇಬ್ಬರಿಬ್ಬರ ಎರಡು ಜೋಡಿ. ಒಂದು ಜೋಡಿ ಹೇಳಿದ ಸಾಲನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನೆಲ್ಲ ಒಟ್ಟುಮಾಡಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸದೆ ಇದ್ದಿದ್ದರೆ ಎಷ್ಟೋ ಹಾಡು ಕಳೆದುಹೋಗುತ್ತಿತ್ತು. ಆ ಹಾಡಿನ ಸೊಗಸೇ ಎರಡನೇ ಜೋಡಿ ಮೊದಲನೆಯದರ ಜಾಡು ಬಿಡದೆ ಬರುವುದರಲ್ಲಿದೆ. ನೀವು ಗೆಳತಿಯಿಂದ ಬಯಸಿದ್ದು ಆ ಎರಡನೇ ಜೋಡಿಯನ್ನು. ಮೊದಮೊದಲು ಅವರೂ ಹಾಗೇ ಇದ್ದರು. ನೀವು ಕಳಿಸಿದ ಹಳೆಯ ಚಿತ್ರಗಳಲ್ಲಿ ಕವನದಲ್ಲಿ ಹೊಳೆ ಇದ್ದರೆ ಚಿತ್ರದಲ್ಲೂ ಹೊಳೆ, ಕವನದಲ್ಲಿ ಕಿತ್ತಳೆ ಇದ್ದರೆ ಚಿತ್ರದಲ್ಲೂ ಕಿತ್ತಳೆ. ಸುಮಾರು ಹತ್ತನೇ ವರ್ಷದಿಂದ ಮೆಲ್ಲಗೆ ದಾರಿ ಬದಲಾಗಿದೆ. ನಿಮ್ಮದೊಂದು ಮಂಜಿನ ಕವನಕ್ಕೆ ಅವರು ಬರೆದದ್ದು ತಂತಿಯ ಮೇಲೆ ಒಣಗದ ಸೀರೆ. ಆಗ ನೀವು ಜಗಳ ಆಡಲಿಲ್ಲ. ಈ ಸಲ ಅವ್ವನ ವಿಷಯವಾದ್ದರಿಂದ ಆಡಿದಿರಿ.

ಜಪಾನಿನಲ್ಲಿ ರೆಂಗ ಅಂತ ಒಂದು ಹಳೆಯ ಆಟವಿದೆ. ಕೆಲವರು ಸೇರಿ ಒಬ್ಬರಾದ ಮೇಲೆ ಒಬ್ಬರು ಒಂದೊಂದು ಸಣ್ಣ ಪದ್ಯ ಕಟ್ಟುತ್ತಾ ಹೋಗುತ್ತಾರೆ. 36 ಪದ್ಯಗಳ ಮಾಲೆ ತುಂಬಾ ಬಳಕೆಯಲ್ಲಿತ್ತು. ಅದರ ನಿಯಮ ತಮಾಷೆಯಾಗಿದೆ. ಪ್ರತಿ ಪದ್ಯವೂ ಹಿಂದಿನದಕ್ಕೆ ಅಂಟಿಕೊಂಡಿರಬೇಕು, ಆದರೆ ಅದರ ಹಿಂದಿನದರಿಂದ ದೂರ ಸರಿದಿರಬೇಕು. ಅಂಟಿಕೊಂಡೇ ಕೂತರೆ ಆಟ ನಿಂತ ಹಾಗೆ. ನಿಮ್ಮ ಗೆಳತಿ ಈ ನಿಯಮವನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರೆ. 27 ವರ್ಷ ನಿಮ್ಮ ಪದ್ಧತಿ ಬೋರಾಗದೆ ಉಳಿದದ್ದು ಹಾಗೇ. ಕವನದಲ್ಲಿದ್ದದ್ದನ್ನೇ ಅವರು ಪ್ರತಿ ವರ್ಷ ಬಣ್ಣದಲ್ಲಿ ತಿರುಗಿ ಕೊಟ್ಟಿದ್ದರೆ ಐದನೇ ವರ್ಷಕ್ಕೆ ಇಬ್ಬರಿಗೂ ಸಾಕಾಗುತ್ತಿತ್ತು.

ಕನ್ನಡದಲ್ಲಿ ಕವನವನ್ನೂ 'ಬರೆಯುತ್ತೇವೆ', ಚಿತ್ರವನ್ನೂ 'ಬರೆಯುತ್ತೇವೆ'. ಎರಡಕ್ಕೂ ಒಂದೇ ಮಾತು. ಅದರಿಂದಲೇ ಎರಡೂ ಒಂದೇ ಕೆಲಸ ಅನ್ನುವ ಭ್ರಮೆ ಬರುತ್ತದೋ ಏನೋ. ಕವನ ಒಂದಾದ ಮೇಲೆ ಒಂದು ಹೇಳುತ್ತದೆ: ಹೂಮಳೆ, ಹೂವು, ಅವ್ವ, ಮಾತು. ಚಿತ್ರಕ್ಕೆ ಆ ಸೌಕರ್ಯ ಇಲ್ಲ. ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತದೆ. ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿ ಹಿಂದೆ ಹೂವಿನ ತೋಟ ಬರೆದಿದ್ದರೆ ಅದು ಕ್ಯಾಲೆಂಡರ್ ಆಗುತ್ತಿತ್ತು. ಅವ್ವ ಹೇಳಿದ ಮಾತನ್ನು ಎಲ್ಲಿ ಹಾಕುತ್ತಿದ್ದರು ಹೇಳಿ?

ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ನನ್ನ ಲೆಕ್ಕದಲ್ಲಿ ಇದೇ ಮುಖ್ಯ. 27 ವರ್ಷವೂ ಮೊದಲು ಕವನ, ಆಮೇಲೆ ಚಿತ್ರ. ಒಂದು ಸಲವಾದರೂ ಅವರು ಚಿತ್ರ ಕಳಿಸಿ ನೀವು ಅದಕ್ಕೆ ಕವನ ಬರೆದದ್ದುಂಟಾ? ಪತ್ರದಲ್ಲಿ ಅಂಥದ್ದೊಂದೂ ಇಲ್ಲ. ವಿಷಯ ಯಾವಾಗಲೂ ನಿಮ್ಮದು. ನಿಮ್ಮ ಹೊಳೆ, ನಿಮ್ಮ ಮಂಜು, ನಿಮ್ಮ ಅವ್ವ. ಅವರ ತಾಯಿ ಇದ್ದಾರಾ? ಅವರ ಮನೆಯಂಗಳದಿಂದ ಏನು ಕಾಣುತ್ತದೆ? 27 ಚಿತ್ರಗಳಲ್ಲಿ ಅವರಾಗಿಯೇ ಎತ್ತಿದ ಮಾತು ಒಂದೂ ಇಲ್ಲ. ಕವನ ಬಿಟ್ಟು ಸರಿದು ಬರೆದ ಆ ಸೀರೆ, ಆ ಖಾಲಿ ಕಣ, ಇವೇ ಅವರು ನಡುವೆ ನುಸುಳಿಸಿದ ತಮ್ಮ ಮಾತು. ಅದನ್ನೂ 'ಇದು ನನ್ನದಲ್ಲ' ಅಂತ ವಾಪಸ್ ಮಾಡಿದಿರಿ. 'ಸರಿ ಬಿಡು' ಅನ್ನುವುದು ನಮ್ಮಲ್ಲಿ ಎಷ್ಟು ಭಾರದ ಮಾತು ಅಂತ ನಿಮಗೆ ಹೇಳಬೇಕಿಲ್ಲ. ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಕ್ಷಮೆ ಕೇಳುವ ಉದ್ದ ಮೆಸೇಜು ಬೇಡ. ಅವರ ಬಿಳಿಯ ಅರ್ಥ ಈಗ ಗೊತ್ತಾಯಿತು ಅಂತ ವಿವರಿಸಲೂ ಹೋಗಬೇಡಿ. ಯಾರೋ ಮೇಷ್ಟ್ರು ಹೇಳಿಕೊಟ್ಟ ಮೇಲೆ ನನ್ನ ಚಿತ್ರ ಅರ್ಥವಾಯಿತು ಅಂದರೆ ಯಾವ ಕಲಾವಿದೆಗೆ ಖುಷಿಯಾಗುತ್ತದೆ? ಆ ಬುಟ್ಟಿಯ ಮೇಲೆ ಒಂದು ಕವನ ಬರೆಯಿರಿ. ಬಾಗಿಲು ಬೇಡ, ಅದು ನಿಮ್ಮದು. ಬುಟ್ಟಿ ಅವರದು, ಕವನದಲ್ಲಿ ಅದಿರಲಿಲ್ಲ. ಯಾಕೆ ಬೋರಲು ಹಾಕಿದರು, ಅದರಡಿ ಏನಿದೆ, ಕುಯ್ಲು ಮುಗಿದ ಮೇಲೆ ಹಾಕಿದ್ದಾ ಅಥವಾ ಈ ವರ್ಷ ಕುಯ್ಯುವವರೇ ಇಲ್ಲವಾ? ಅದಕ್ಕೆ ಉತ್ತರ ಕೊಡುವ ಸರದಿ ಈಗ ನಿಮ್ಮದು. ಕಾಗದದಲ್ಲಿ ಬರೆದು ಅಂಚೆಗೆ ಹಾಕಿ. ಹುತ್ತರಿಯವರೆಗೆ ಕಾಯಬೇಡಿ. ಕೊನೆಗೆ ಒಂದೇ ಸಾಲು ಸೇರಿಸಿ: 'ಈ ವರ್ಷ ಮೊದಲು ನೀನು ಕಳಿಸು.'

ಕವನ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಅವರ ವಿಷಯಕ್ಕೆ ಉತ್ತರ ಬರೆಯುವುದು ನಿಮಗೆ ಹೊಸದು, ತಡವರಿಸುತ್ತೀರಿ. ತಡವರಿಸಿದ್ದು ಅವರಿಗೆ ಕಾಣಲಿ.

ಬೇರೆ ಬೇರೆ ಬಗೆಯ ಬರವಣಿಗೆ ಮಾಡುವವರ ಸ್ನೇಹಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಕೊಡಗಿನ ಗೌರಮ್ಮ ಕತೆಗಾರ್ತಿ, ದ. ರಾ. ಬೇಂದ್ರೆ ಕವಿ. ಒಬ್ಬರು ಇಲ್ಲಿ, ಇನ್ನೊಬ್ಬರು ಧಾರವಾಡದ ಕಡೆ. ಬೇಂದ್ರೆ ಗೌರಮ್ಮನನ್ನು ತಂಗಿ ಅಂತಲೇ ಕರೆದವರು. 1939ರಲ್ಲಿ ಗೌರಮ್ಮ ಹೊಳೆಯಲ್ಲಿ ಮುಳುಗಿ ತೀರಿಕೊಂಡರು, ಆಗ ಅವರಿಗೆ ಇನ್ನೂ 27. ಬೇಂದ್ರೆಯವರ ದುಃಖ ಕವನವಾಗಿ ಬಂತು, 'ತಂಗಿ ಗೌರಮ್ಮ'. ಹೋದವರ ಬಗ್ಗೆ ಬರೆಯುವುದು ಎಷ್ಟು ಕಷ್ಟ ಅಂತ ಅವ್ವನ ಕವನ ಬರೆದ ನಿಮಗೆ ಗೊತ್ತು. ನಿಮ್ಮ ಗೆಳತಿ ಸೋಮವಾರಪೇಟೆಯಲ್ಲಿ ಚೆನ್ನಾಗಿದ್ದಾರೆ, ನಿಮ್ಮ ಊರಿನಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ.

ಇನ್ನು ಪುಸ್ತಕ. ಮಗನಿಗೆ ಹೇಳಿ, ಸರ್‌ಪ್ರೈಸ್ ಬೇಡವೇ ಬೇಡ. ಆಸೆ ಒಳ್ಳೆಯದೇ. ಆದರೆ ಈಗ ಅದನ್ನು ಮಾಡಿದರೆ 'ಸರಿ ಬಿಡು' ಮತ್ತೊಂದು ಸಲ ಕೇಳಬೇಕಾಗುತ್ತದೆ, ಅದು ಕೊನೆಯ ಸಲವೂ ಆಗಬಹುದು. ಕಾನೂನೂ ಅಡ್ಡ ಬರುತ್ತದೆ. ಚಿತ್ರಗಳು ನಿಮ್ಮ ಮನೆಯ ಗೋಡೆಯ ಮೇಲಿವೆ, ಅವರೇ ಕೊಟ್ಟದ್ದು. ಆದರೆ ಹಾಳೆ ನಿಮ್ಮದಾಯಿತು ಅಂತ ಅದನ್ನು ಅಚ್ಚು ಹಾಕುವ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕು ಬರೆದವರದು. ಅವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ನಿಮ್ಮ ಕವನಗಳ ಹಕ್ಕು ಹಾಗೇ ನಿಮ್ಮದು. ಇಬ್ಬರೂ ಸೇರಿ ಮಾಡಿದ ಪುಸ್ತಕವಾದರೂ ಕವನ ಯಾವುದು, ಚಿತ್ರ ಯಾವುದು ಅಂತ ಬೇರೆ ಬೇರೆಯಾಗಿ ಕಾಣುತ್ತದಲ್ಲ, ಹಾಗಾಗಿ ಒಬ್ಬರ ಪಾಲಿಗೆ ಇನ್ನೊಬ್ಬರು ಒಡೆಯರಲ್ಲ.

ಅವರಾಗಿ ಒಪ್ಪಿದರೆ ಒಂದು ಪುಟದ ಬರಹ ಮಾಡಿಕೊಳ್ಳಿ. 'ಗೆಳತಿಯರ ನಡುವೆ ಬರಹ ಯಾಕೆ' ಅನ್ನಬೇಡಿ. ಗೆಳತಿಯರಾದ್ದರಿಂದಲೇ ಬೇಕು, ಪರಿಚಯವಿಲ್ಲದವರಾದರೆ ಬಾಯಿಬಿಟ್ಟು ಕೇಳಿಯಾದರೂ ಕೇಳುತ್ತಾರೆ. ಯಾರು ಎಷ್ಟು ಖರ್ಚು ಹಾಕುತ್ತೀರಿ, ಎಷ್ಟು ಪ್ರತಿ, ಮಾರಿದ ದುಡ್ಡು ಹೇಗೆ ಹಂಚಿಕೆ, ಎರಡನೇ ಮುದ್ರಣಕ್ಕೆ ಮತ್ತೆ ಕೇಳಬೇಕಾ. ಇಷ್ಟು ಸಾಕು. ಪ್ರಕಾಶಕರಿಗೆ ಕೊಡುವುದಾದರೆ ಹಕ್ಕು ಎಷ್ಟು ವರ್ಷಕ್ಕೆ ಅಂತ ಕಾಣಿಸಿ. ಕಾಣಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ.

ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮುಖಪುಟದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ ಬರಬೇಕು. ಇಂಗ್ಲಿಷ್ ಕವಿಗಳಾದ ವರ್ಡ್ಸ್‌ವರ್ತ್ ಮತ್ತು ಕೋಲರಿಜ್ 1798ರಲ್ಲಿ ಒಟ್ಟಿಗೆ 'ಲಿರಿಕಲ್ ಬ್ಯಾಲಡ್ಸ್' ತಂದಾಗ ಪುಸ್ತಕದ ಮೇಲೆ ಯಾರ ಹೆಸರೂ ಇರಲಿಲ್ಲ. 1800ರ ಎರಡನೇ ಮುದ್ರಣಕ್ಕೆ ವರ್ಡ್ಸ್‌ವರ್ತ್ ಒಬ್ಬರದೇ ಹೆಸರು ಬಂತು. ಸೇರಬೇಕಿದ್ದ ಕೋಲರಿಜ್‌ರ ಒಂದು ದೊಡ್ಡ ಕವನ ಹೊರಗೆ ಉಳಿಯಿತು. ಸ್ನೇಹ ಅಲ್ಲಿಗೇ ಮುರಿಯಲಿಲ್ಲ. ಹತ್ತು ವರ್ಷದ ಮೇಲೆ, 1810ರಲ್ಲಿ, ಮಧ್ಯದವರೊಬ್ಬರು ಇವರ ಮಾತನ್ನು ಅವರಿಗೆ ಒಯ್ದು ಹೇಳಿದ್ದರಿಂದ ಒಡೆಯಿತು. ಆಮೇಲೆ ರಾಜಿಯಾದರೂ ಹಳೆಯ ಸಲಿಗೆ ಬರಲಿಲ್ಲ. ಮಗನ ಕೈಲಿ ಮಾತು ಕಳಿಸಬೇಡಿ ಅಂತ ಇದಕ್ಕೇ ಹೇಳುತ್ತಿದ್ದೇನೆ.

ನನ್ನದೂ ಒಂದಿದೆ. ಹಿಂದೊಮ್ಮೆ ಒಬ್ಬ ಕವಿಮಿತ್ರನೂ ನಾನೂ ಸೇರಿ ಒಂದು ಪುಸ್ತಕ ಮಾಡಿದೆವು. ಪುಟ ಕಟ್ಟುವ ಕೆಲಸವೂ ನನ್ನದೇ. ಮುಖಪುಟದ ಚಿತ್ರ ಚೆನ್ನಾಗಿ ಕಾಣಲಿ ಅಂತ ಅವನ ಹೆಸರನ್ನು ಕೆಳಗೆ, ಸಣ್ಣ ಅಕ್ಷರದಲ್ಲಿ ಇಟ್ಟೆ. ಕೆಟ್ಟ ಉದ್ದೇಶ ಏನಿರಲಿಲ್ಲ, ಕಣ್ಣಿಗೆ ಹಿತವಾಗಿತ್ತು ಅಷ್ಟೆ. ಅವನು ಏನೂ ಹೇಳಲಿಲ್ಲ. ಬಿಡುಗಡೆಗೂ ಬಂದ, ನಕ್ಕ, ಊಟ ಮಾಡಿದ. ಆಮೇಲೆ ನಾಲ್ಕು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಕಾರಣ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಅಲಮಾರಿನಲ್ಲಿ ಆ ಪುಸ್ತಕ ಕೈಗೆ ಸಿಕ್ಕಾಗ. ಕನ್ನಡಕ ಹಾಕದೆ ಅವನ ಹೆಸರು ಓದಲು ಆಗಲಿಲ್ಲ.

ಉಳಿದದ್ದು ಅಚ್ಚಿನ ಕೆಲಸ. ವಾಟ್ಸಾಪ್‌ನಲ್ಲಿ ಬಂದ ಫೋಟೋದಿಂದ ಪುಸ್ತಕ ಆಗುವುದಿಲ್ಲ, ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ. ಅಚ್ಚಾಗುವ ಅಳತೆಯಲ್ಲಿ ಕಡಿಮೆ ಎಂದರೂ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆಯ, ಸ್ಕ್ಯಾನ್ ಬೇಕು. ಕವನ ಸಂಕಲನಗಳಿಗೆ ನಾವು ಬಳಸುವ ಡೆಮಿ 1/8 ಅನ್ನುವ ಸಣ್ಣ ಪುಟದ ಅಳತೆಯಲ್ಲಿ ಅಡ್ಡ ಚಿತ್ರಗಳು ಅಂಚೆಚೀಟಿ ಆಗುತ್ತವೆ, ಸ್ವಲ್ಪ ದೊಡ್ಡ ಅಳತೆ ನೋಡಿ. ಎಲ್ಲಕ್ಕಿಂತ ಮುಖ್ಯ, ಕಾಗದದ ಬಿಳಿ. ಹಳದಿ ಛಾಯೆಯ ಕಾಗದದಲ್ಲಿ ಆ ಕೊನೆಯ ಚಿತ್ರ ಸತ್ತೇ ಹೋಗುತ್ತದೆ. ಎಷ್ಟು ಪ್ರತಿ ಅಂತ ಕೇಳಿದರೆ, ಕಡಿಮೆ. ಆಸೆಯಿಂದ 500 ಹಾಕಿಸಿದವರ ಮನೆಯಲ್ಲಿ ಮುಕ್ಕಾಲು ಪಾಲು ಅಟ್ಟದ ಮೇಲೆ ಮಳೆಗಾಲ ಕಳೆಯುವುದನ್ನು ನೋಡಿದ್ದೇನೆ. ಕೊಡಗಿನ ಮಳೆಗಾಲ ಎಂಥದ್ದು ಅಂತ ಪುಸ್ತಕಗಳಿಗೆ ಗೊತ್ತು.

ಮೊದಲಿನ ಹಾಗೆ ಆಗುತ್ತಾ ಅಂತ ಕೇಳಿದಿರಿ. ಆಗಲಿಕ್ಕಿಲ್ಲ. ಮೊದಲು ನೀವು ಕೇಳುವವರು, ಅವರು ಉತ್ತರ ಕೊಡುವವರು. ಅವರು ಮೊದಲು ಚಿತ್ರ ಕಳಿಸಲು ಒಪ್ಪಿದರೆ ಅದು ಬೇರೆಯದೇ ಒಂದಾಗುತ್ತದೆ. ಅವರು ಕಳಿಸುವುದು ನಿಮಗೆ ಹಿಡಿಸದೆಯೂ ಇರಬಹುದು. ಆಗಲೂ ಬರೆಯಬೇಕು.

ಇನ್ನೊಂದು ವಿಷಯ, ಸ್ವಲ್ಪ ಅವಸರದ್ದು. ನೀವು ಕಳಿಸಿದ ಫೋಟೋಗಳಲ್ಲಿ ಆ ಒಣಗದ ಸೀರೆಯ ಚಿತ್ರದ ಬಲ ಮೂಲೆಯಲ್ಲಿ ಕಂದು ಚುಕ್ಕೆಗಳು ಕಾಣುತ್ತಿವೆ. ಬಣ್ಣದ್ದಲ್ಲ, ಬೂಷ್ಟು ಇರಬೇಕು. ಗೋಡೆಯ ತೇವ ಕಾಗದಕ್ಕೆ ಏರಿದರೆ ಹೀಗಾಗುತ್ತದೆ. ಜೂನ್ ಬರುವ ಮೊದಲು ಅದನ್ನು ಹೊರಗೋಡೆಯಿಂದ ಇಳಿಸಿ ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ಸ್ವಲ್ಪ ಗಾಳಿ ಆಡುವ ಹಾಗಿರಲಿ, ಗಾಜು ನೇರವಾಗಿ ಚಿತ್ರಕ್ಕೆ ತಾಗದಿರಲಿ. ಬಿಸಿಲಿಗೆ ಇಡಬೇಡಿ, ಬಣ್ಣ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಲೇಬೇಡಿ, ಜಲವರ್ಣ ಅದು, ಬಣ್ಣ ಬಟ್ಟೆಗೆ ಎದ್ದು ಬರುತ್ತದೆ. ಆ ಚುಕ್ಕೆಗಳನ್ನು ಏನು ಮಾಡಬೇಕು ಅಂತ ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಯಾವ ಕಾಗದ, ಯಾವ ಬಣ್ಣ ಅಂತ ನನಗೆ ಗೊತ್ತಿಲ್ಲ. ಬರೆದವರಿಗೆ ಗೊತ್ತಿರುತ್ತದೆ. ಫೋನ್ ಮಾಡಿ ಅವರನ್ನೇ ಕೇಳಿ.